ಊಟ ಎದೆಯಲ್ಲೇ ನಿಲ್ತಿದೆಯಾ? ಹೊಟ್ಟೆ ಕೊಯ್ಯದೆ ಮಾಡುವ ‘ಪೋಯಮ್’ ಚಿಕಿತ್ಸೆ ಬಗ್ಗೆ ತಿಳ್ಕೊಳ್ಳಿ

ಮುದ್ದೆ ನುಂಗಿದರೆ ಎದೆಯಲ್ಲೇ ನಿಂತಂಗಾಗುತ್ತೆ, ನೀರೂ ಸರಿಯಾಗಿ ಇಳಿಯಲ್ಲ, ರಾತ್ರಿ ಮಲಗಿದರೆ ತಿಂದದ್ದು ಬಾಯಿಗೆ ಬರುತ್ತೆ. ಇಂಥ ತೊಂದರೆಗೆ ಎಷ್ಟೋ ಜನ ಮೆಡಿಕಲ್‌ನಲ್ಲಿ ಗ್ಯಾಸ್ ಮಾತ್ರೆ ತಗೊಂಡು ಸುಮ್ಮನಾಗ್ತಾರೆ. ಆದರೆ ಇದು ‘ಅಕಲೇಶಿಯಾ’ ಇರಬಹುದು.

ಏನಿದು ಅಕಲೇಶಿಯಾ?
ಅನ್ನನಾಳ ಬಂದು ಜಠರ ಸೇರುವ ಕಡೆ ಸ್ನಾಯುವಿನ ಬಳೆ ಇದೆ. ನುಂಗಿದಾಗ ಅದು ಸಡಿಲವಾಗಿ ದಾರಿ ಬಿಡಬೇಕು. ಈ ಕಾಯಿಲೆಯಲ್ಲಿ ಅಲ್ಲಿನ ನರಗಳು ಹಾಳಾಗಿ ಬಳೆ ಬಿಗಿಯಾಗೇ ಉಳಿಯುತ್ತೆ. ವರ್ಷಕ್ಕೆ 1 ಲಕ್ಷ ಜನರಲ್ಲಿ ಸುಮಾರು ಒಬ್ಬರಲ್ಲಿ ಮಾತ್ರ ಹೊಸದಾಗಿ ಕಾಣಿಸಿಕೊಳ್ಳುವ ಅಪರೂಪದ ಕಾಯಿಲೆ ಇದು. ಎಂಡೋಸ್ಕೋಪಿ, ಬೇರಿಯಂ ಎಕ್ಸ್‌ರೇ, ಅನ್ನನಾಳದ ಒತ್ತಡ ಅಳೆಯುವ ಮ್ಯಾನೊಮೆಟ್ರಿ ಮಾಡಿಸಿದರೆ ಗೊತ್ತಾಗುತ್ತೆ.

ಪೋಯಮ್ ಹೇಗೆ ಮಾಡ್ತಾರೆ?
2008ರಲ್ಲಿ ಜಪಾನಿನ ಡಾ. ಹರುಹಿರೊ ಇನೌಯೆ ಇದನ್ನು ಮೊದಲ ಬಾರಿ ರೋಗಿಗೆ ಮಾಡಿದರು. ಪೂರ್ತಿ ಅರಿವಳಿಕೆ ಕೊಟ್ಟು ಬಾಯಿ ಮೂಲಕ ಎಂಡೋಸ್ಕೋಪ್ ಇಳಿಸ್ತಾರೆ. ಅನ್ನನಾಳದ ಒಳಪದರದಲ್ಲಿ ಸಣ್ಣ ಸೀಳು ಮಾಡಿ, ಪದರದ ಅಡಿಯಲ್ಲೇ ಸುರಂಗ ಕೊರೆದು, ಬಿಗಿಯಾದ ಸ್ನಾಯು ಕತ್ತರಿಸಿ, ಸೀಳನ್ನು ಕ್ಲಿಪ್ ಹಾಕಿ ಮುಚ್ತಾರೆ. ಹೊರಗೆ ಗಾಯ ಇರಲ್ಲ.

ಹಾಳಾದ ನರ ಇದರಿಂದ ಸರಿಹೋಗಲ್ಲ, ದಾರಿ ಮಾತ್ರ ತೆರೆಯುತ್ತೆ. ಆಮೇಲೆ ಹಲವರಿಗೆ ಎದೆಯುರಿ ಬರುತ್ತೆ, ಅದಕ್ಕೆ ಮಾತ್ರೆ ಬೇಕಾಗಬಹುದು. ಬಲೂನಿನಿಂದ ಹಿಗ್ಗಿಸುವುದು, ಲ್ಯಾಪರೊಸ್ಕೋಪಿ ಆಪರೇಷನ್ ಕೂಡ ಇವೆ. ಯಾವುದು ನಿಮಗೆ ಸೂಕ್ತ ಅಂತ ಕೇಳಿ ತಿಳ್ಕೊಳ್ಳಿ.

ಶುಗರ್ ಇರುವವರು ಗಮನಿಸಿ
ಬಹಳ ವರ್ಷದ ಶುಗರ್‌ನಿಂದ ಜಠರದ ನರ ಸೋತು ಊಟ ಮುಂದಕ್ಕೆ ಹೋಗದೆ ಉಳಿಯಬಹುದು. ಇದು ಗ್ಯಾಸ್ಟ್ರೋಪರೇಸಿಸ್. ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ಹೊತ್ತಾದ ಮೇಲೂ ತಿಂದದ್ದು ವಾಂತಿಯಾಗುವುದು ಇದರ ಲಕ್ಷಣ. ಮೊದಲು ಶುಗರ್ ಹತೋಟಿ, ಸ್ವಲ್ಪ ಸ್ವಲ್ಪವೇ ಮೆತ್ತಗಿನ ಊಟ, ಔಷಧಿ. ಇದ್ಯಾವುದಕ್ಕೂ ಬಗ್ಗದಿದ್ದರೆ ಆಯ್ದ ರೋಗಿಗಳಿಗೆ ‘ಜಿ-ಪೋಯಮ್’ ಮಾಡ್ತಾರೆ. ಇದರಲ್ಲಿ ಜಠರದ ಹೊರಬಾಗಿಲಿನ ಸ್ನಾಯು ಕತ್ತರಿಸ್ತಾರೆ. ಎಲ್ಲರಿಗೂ ಗುಣ ಕಾಣಲ್ಲ.

ತಡ ಮಾಡಬೇಡಿ
ಅಕಲೇಶಿಯಾದಲ್ಲಿ ಸಾಮಾನ್ಯವಾಗಿ ಶುರುವಿನಿಂದಲೇ ಅನ್ನ, ನೀರು ಎರಡೂ ತಡೆಯುತ್ತೆ. ಮೊದಲು ಮುದ್ದೆ-ರೊಟ್ಟಿ, ಆಮೇಲೆ ಅನ್ನ, ಕೊನೆಗೆ ನೀರು ಅಂತ ದಿನೇ ದಿನೇ ಹೆಚ್ಚಾಗಿ ತೂಕ ಇಳಿಯುತ್ತಿದ್ದರೆ ಅನ್ನನಾಳದ ಕ್ಯಾನ್ಸರ್ ಇರಬಹುದು. ಬೀಡಿ, ತಂಬಾಕು, ಕುಡಿತದ ಅಭ್ಯಾಸ ಇದ್ದವರಿಗೆ ಅಪಾಯ ಹೆಚ್ಚು. ಲಕ್ಷಣ ನೋಡಿ ಇಂಥದ್ದೇ ಅಂತ ಮನೆಯಲ್ಲಿ ಕೂತು ತೀರ್ಮಾನಿಸಬೇಡಿ. ನುಂಗೋಕೆ ಕಷ್ಟ ಆಗ್ತಿದ್ದರೆ ಮೊದಲು ಎಂಡೋಸ್ಕೋಪಿ ಮಾಡಿಸಿ.