ಸ್ಮೆಡ್ಲಿ ಊರು ಬಿಟ್ಟಾಗ

ರಾಲ್ಫ್ ಸ್ಮೆಡ್ಲಿ ಊರು ಬಿಟ್ಟರೆ ಸಾಕು, ಅವರು ಕಟ್ಟಿದ ಭಾಷಣದ ಕ್ಲಬ್ ಬಾಗಿಲು ಹಾಕಿಕೊಳ್ಳುತ್ತಿತ್ತು. ಅಮೆರಿಕದ ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್, ಫ್ರೀಪೋರ್ಟ್, ರಾಕ್ ಐಲ್ಯಾಂಡ್, ಆಮೇಲೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಎಲ್ಲ ಕಡೆಯೂ ಇದೇ ಹಾಡು. ಇವತ್ತು ಸುಮಾರು 150 ದೇಶಗಳಲ್ಲಿ 13,000ಕ್ಕೂ ಹೆಚ್ಚು ಕ್ಲಬ್ಬುಗಳಿರುವ, ಸ್ಮೆಡ್ಲಿ ಸ್ಥಾಪಿಸಿದ ಟೋಸ್ಟ್‌ಮಾಸ್ಟರ್ಸ್ ಸಂಸ್ಥೆಯ ಚರಿತ್ರೆಯನ್ನು ವೇದಿಕೆಯ ಮೇಲೆ ಹೇಳುವವರು ಸಾಮಾನ್ಯವಾಗಿ 1924ಕ್ಕೆ ನೆಗೆದುಬಿಡುತ್ತಾರೆ. ಅದಕ್ಕೂ ಹಿಂದಿನ ಸೋಲಿನ ವರ್ಷಗಳ ಬಗ್ಗೆ ಒಂದು ವಾಕ್ಯ ಬಂದರೆ ಹೆಚ್ಚು. ನನಗೆ ಮಾತ್ರ ಆ ವರ್ಷಗಳ ಮೇಲೇ ಕಣ್ಣು. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ನಾನು ಬೆಂಗಳೂರಿನ ಕ್ಲಬ್ಬುಗಳ ಹೊಸ ಪದಾಧಿಕಾರಿಗಳಿಗೆ ತರಬೇತಿ ಕೊಡುತ್ತಿದ್ದೇನೆ. ನಮ್ಮವರ ಬಾಯಲ್ಲಿ ಅದು ‘ಕಾಟ್’, ಕ್ಲಬ್ ಆಫೀಸರ್ ಟ್ರೈನಿಂಗ್. ಅಲ್ಲಿಗೆ ಬರುವವರಲ್ಲಿ ಅರ್ಧ ಜನರ ಮುಖದಲ್ಲಿ ‘ನಾವು ಮಾತು ಕಲಿಯೋಕೆ ಸೇರಿದ್ದು, ಇದೆಲ್ಲ ಯಾಕೆ?’ ಎಂಬ ಪ್ರಶ್ನೆ ಇರುತ್ತದೆ. ಉತ್ತರ ಇರುವುದು ಆ ಮುಚ್ಚಿಹೋದ ಕ್ಲಬ್ಬುಗಳಲ್ಲಿ.

ಸ್ಮೆಡ್ಲಿ ಹುಟ್ಟಿದ್ದು 1878ರಲ್ಲಿ, ಇಲಿನಾಯ್‌ನ ವೇವರ್ಲಿ ಎಂಬ ಸಣ್ಣ ಊರಿನಲ್ಲಿ. 1903ರಲ್ಲಿ ಇಲಿನಾಯ್ ವೆಸ್ಲಿಯನ್ ವಿಶ್ವವಿದ್ಯಾಲಯದ ಪದವಿ ಮುಗಿಸಿ ಬ್ಲೂಮಿಂಗ್ಟನ್‌ನ ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘದಲ್ಲಿ ಶಿಕ್ಷಣ ವಿಭಾಗದ ಕೆಲಸಕ್ಕೆ ಸೇರಿದರು. ಅಲ್ಲಿಗೆ ಬರುತ್ತಿದ್ದ ಹುಡುಗರಲ್ಲಿ ಅವರು ಕಂಡ ಕೊರತೆ ಎರಡು. ಎದ್ದು ನಿಂತು ನಾಲ್ಕು ಮಾತಾಡಲು ಬರುವುದಿಲ್ಲ, ಒಂದು ಸಭೆಯನ್ನು ನಡೆಸಲೂ ಬರುವುದಿಲ್ಲ. ಮೊದಲನೆಯದನ್ನು ಎಲ್ಲರೂ ನೆನಪಿಟ್ಟುಕೊಂಡರು, ಎರಡನೆಯದನ್ನು ಮರೆತರು. 1905ರಲ್ಲಿ ಅವರು ಶುರುಮಾಡಿದ ಕೂಟದಲ್ಲಿ ಹುಡುಗರು ಸರದಿಯಂತೆ ಪುಟ್ಟ ಭಾಷಣ ಮಾಡುತ್ತಿದ್ದರು, ಸರದಿಯಂತೆಯೇ ಅಧ್ಯಕ್ಷತೆ ವಹಿಸುತ್ತಿದ್ದರು, ಹಿರಿಯರು ಕೇಳಿ ಒಪ್ಪು ತಪ್ಪು ಹೇಳುತ್ತಿದ್ದರು. ಔತಣಕೂಟಗಳಲ್ಲಿ ಭಾಷಣಕಾರರನ್ನು ಒಬ್ಬೊಬ್ಬರಾಗಿ ಪರಿಚಯಿಸುವವನಿಗೆ ಅಲ್ಲಿ ಟೋಸ್ಟ್‌ಮಾಸ್ಟರ್ ಎನ್ನುತ್ತಿದ್ದರು. ಪಾಠದ ಗಾಂಭೀರ್ಯ ಬೇಡ, ಊಟದ ಮನೆಯ ಸಲಿಗೆ ಇರಲಿ ಎಂದು ಸ್ಮೆಡ್ಲಿ ಆ ಹೆಸರನ್ನೇ ಇಟ್ಟರು. ವೈಎಂಸಿಎಯ ಇತರ ಕಾರ್ಯದರ್ಶಿಗಳಿಗೆ ಇದು ಸ್ಮೆಡ್ಲಿಯೊಬ್ಬರ ಖಯಾಲಿಯಾಗಿ ಕಂಡಿತಂತೆ.

ಖಯಾಲಿ ಎಂದದ್ದರಲ್ಲಿ ನಿಜವೂ ಇತ್ತು. ಊರಿಂದೂರಿಗೆ ಅವರ ನೌಕರಿ ಬದಲಾಗುತ್ತಾ ಹೋಯಿತು. ಹೋದಲ್ಲೆಲ್ಲ ಕ್ಲಬ್ ಕಟ್ಟಿದರು, ಬಿಟ್ಟಲ್ಲೆಲ್ಲ ಅದು ಆರಿಹೋಯಿತು. ಇದಕ್ಕೆ ನಾನು ಕೊಡುವ ಕಾರಣ ಇಷ್ಟೇ: ಕಾರ್ಯಕ್ರಮ ಹೇಗೆ ಹೆಣೆಯಬೇಕು, ಈ ವಾರ ಯಾರ ಸರದಿ, ಯಾರನ್ನು ಹುರಿದುಂಬಿಸಬೇಕು, ಎಲ್ಲವೂ ಅವರೊಬ್ಬರ ತಲೆಯಲ್ಲಿತ್ತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಬೆಂಗಳೂರಿನದೇ ಒಂದು ಕ್ಲಬ್, ಹೆಸರು ಬೇಡ. ಅಧ್ಯಕ್ಷರು ಬಲು ಹುರುಪಿನವರು. ಸಭೆಯ ಅಜೆಂಡಾ ಅವರದೇ, ವಾಟ್ಸಾಪ್ ಗುಂಪು ಅವರದೇ, ಹಾಲ್ ಬುಕ್ಕಿಂಗ್ ಅವರ ಪರಿಚಯದ ಮೇಲೆ, ಖಾತೆಯ ಪಾಸ್‌ವರ್ಡ್ ಅವರ ಮೊಬೈಲಿನಲ್ಲಿ. ಅವರಿಗೆ ಪುಣೆಗೆ ವರ್ಗವಾಯಿತು. ಮುಂದಿನ ದೀಪಾವಳಿ ಹೊತ್ತಿಗೆ ಕ್ಲಬ್ಬಿನ ಬ್ಯಾನರ್ ಯಾರ ಮನೆಯ ಅಟ್ಟದಲ್ಲಿದೆ ಎಂದು ಹೇಳುವವರೂ ಇರಲಿಲ್ಲ.

ಸ್ಮೆಡ್ಲಿ 1922ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾಕ್ಕೆ ಬಂದರು. 1924ರ ಅಕ್ಟೋಬರ್ 22ರಂದು ಅಲ್ಲಿನ ವೈಎಂಸಿಎ ಕಟ್ಟಡದ ನೆಲಮಾಳಿಗೆಯಲ್ಲಿ ಸಭೆ ಸೇರಿದ ಕ್ಲಬ್ಬೇ ಇಂದಿಗೂ ಒಂದನೇ ನಂಬರಿನದು. ಈ ಸಲ ಎರಡು ವಿಷಯ ಬೇರೆಯಾದವು. ಮೊದಲನೆಯದು, ನೆರೆಯೂರಿನವರು ಬಂದು ನೋಡಿ, ನಮ್ಮಲ್ಲೂ ಮಾಡುತ್ತೇವೆ ಎಂದರು. ಆನಹೈಮ್‌ನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಕ್ಲಬ್ಬುಗಳಾದವು. ಎಲ್ಲ ಊರಿಗೂ ಸ್ಮೆಡ್ಲಿಯೇ ಹೋಗಿ ಕೂರಲು ಆಗುತ್ತದೆಯೇ? ಹಾಗಾಗಿ ಎರಡನೆಯದು: ತಲೆಯಲ್ಲಿದ್ದದ್ದನ್ನು ಅವರು ಕಾಗದಕ್ಕಿಳಿಸಿದರು. 1920ರ ದಶಕ ಮುಗಿಯುವುದರೊಳಗೆ ಭಾಷಣ ಕಲಿಯುವವರಿಗೊಂದು ಕೈಪಿಡಿ ಅಚ್ಚಾಯಿತು. ಕೆನಡಾದವರು ನಮಗೂ ಕ್ಲಬ್ ಬೇಕು ಎಂದಾಗ, 1930ರಲ್ಲಿ, ಸಂಸ್ಥೆಯ ಹೆಸರಿಗೆ ‘ಇಂಟರ್‌ನ್ಯಾಷನಲ್’ ಸೇರಿತು. 1932ರಲ್ಲಿ ನೋಂದಣಿಯೂ ಆಯಿತು. ಮೊದಲ ಅಧ್ಯಕ್ಷ ಜೆ. ಕ್ಲಾರ್ಕ್ ಚೇಂಬರ್ಲಿನ್. ಸ್ಥಾಪಕರು ಆ ಕುರ್ಚಿಗೆ ಕೈ ಹಾಕದೆ ಕಾರ್ಯದರ್ಶಿಯ ಕೆಲಸ ಇಟ್ಟುಕೊಂಡರು. ಪತ್ರ ಬರೆಯುವ, ಪಟ್ಟಿ ಇಡುವ ಕೆಲಸ. 1941ರಲ್ಲಿ ವೈಎಂಸಿಎ ನೌಕರಿ ಬಿಟ್ಟು ಪೂರ್ತಿ ಇದಕ್ಕೇ ನಿಂತರು, 1965ರಲ್ಲಿ ತೀರಿಕೊಳ್ಳುವವರೆಗೂ.

ಸಭೆ ನಡೆಸುವುದೂ ಒಂದು ವಿದ್ಯೆ ಎಂಬ ಅವರ ಹಟದ ಹಿಂದೆ ಇನ್ನೊಬ್ಬರ ನೆರಳಿದೆ. ಅಮೆರಿಕದ ಸೇನೆಯಲ್ಲಿ ಎಂಜಿನಿಯರ್ ಆಗಿದ್ದ ಹೆನ್ರಿ ಮಾರ್ಟಿನ್ ರಾಬರ್ಟ್ ಅವರನ್ನು 1863ರಲ್ಲಿ ನ್ಯೂ ಬೆಡ್‌ಫರ್ಡ್ ಎಂಬಲ್ಲಿ ಚರ್ಚಿನ ಸಭೆಯೊಂದಕ್ಕೆ ಅಧ್ಯಕ್ಷರಾಗಿ ಕೂರಿಸಿದರು. ಸಭೆ ಗದ್ದಲವಾಗಿ ಕೈಮೀರಿತು. ನಿಯಮ ಕಲಿಯದೆ ಇನ್ನೊಂದು ಸಭೆಯ ಸಹವಾಸ ಬೇಡ ಎಂದುಕೊಂಡ ಆ ಮನುಷ್ಯ ಹುಡುಕುತ್ತಾ ಹೋದರೆ, ಒಂದೊಂದು ಪ್ರಾಂತ್ಯದವರದು ಒಂದೊಂದು ಪದ್ಧತಿ. ಕೊನೆಗೆ ಮಿಲ್ವಾಕಿಯ ಚಳಿಗಾಲದಲ್ಲಿ, ಸರೋವರ ಹೆಪ್ಪುಗಟ್ಟಿ ಬಂದರಿನ ಕೆಲಸ ನಿಂತಾಗ, ತಾವೇ ಬರೆಯಲು ಕೂತರು. ಹೊಸಬರಿಗೆ ಅರ್ಥವಾಗುವಂಥ ಭಾಗವೊಂದನ್ನು ಸೇರಿಸಿ ಎಂದದ್ದು ಅವರ ಹೆಂಡತಿ ಹೆಲೆನ್. 1876ರಲ್ಲಿ ಕೈಯಿಂದ ದುಡ್ಡು ಹಾಕಿ 4,000 ಪ್ರತಿ ಅಚ್ಚು ಹಾಕಿಸಿದ ‘ರಾಬರ್ಟ್ಸ್ ರೂಲ್ಸ್ ಆಫ್ ಆರ್ಡರ್’ ಅಮೆರಿಕದ ಅನೇಕ ಸಂಘ ಸಂಸ್ಥೆಗಳಿಗೆ ಆಧಾರಗ್ರಂಥವಾಯಿತು. ಸ್ಮೆಡ್ಲಿ 1955ರಲ್ಲಿ ಈ ರಾಬರ್ಟ್ ಅವರ ಬಗ್ಗೆಯೇ ಒಂದು ಪುಸ್ತಕ ಬರೆದರು, ‘ದಿ ಗ್ರೇಟ್ ಪೀಸ್‌ಮೇಕರ್’ ಎಂದು. ಭಾಷಣ ಕಲಿಸುವ ಸಂಸ್ಥೆಯ ಸ್ಥಾಪಕ ಯಾವ ವಾಗ್ಮಿಯ ಜೀವನವನ್ನೂ ಆರಿಸಿಕೊಳ್ಳದೆ ಸಭಾನಿಯಮ ಬರೆದ ಎಂಜಿನಿಯರನ್ನು ಆರಿಸಿಕೊಂಡರು! ತರಬೇತಿಗೆ ಬಂದು ಮೂಗು ಮುರಿಯುವವರಿಗೆ ನಾನು ಮೊದಲು ಇದನ್ನೇ ಹೇಳುವುದು.

ನಮ್ಮ ಕನ್ನಡ ಸಭೆಗಳ ಪರಿಚಯ ಇದ್ದವರಿಗೆ ಕ್ಲಬ್ಬಿನ ಸಭಾನಿಯಮಗಳು ಮೊದಮೊದಲು ಒರಟಾಗಿ ಕಾಣುತ್ತವೆ. ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಹಾರ, ಪ್ರಾಸ್ತಾವಿಕ ನುಡಿ ಮುಗಿಯುವಷ್ಟರಲ್ಲಿ ಮುಖ್ಯ ಭಾಷಣಕಾರರ ಸಮಯ ತೀರಿರುತ್ತದೆ, ಅಧ್ಯಕ್ಷರ ನುಡಿ ಬರುವಾಗ ಸಭಿಕರು ತಿಂಡಿ ಕೌಂಟರಿನ ಬಳಿ ಇರುತ್ತಾರೆ. ಕ್ಲಬ್ಬಿನಲ್ಲಿ ಭಾಷಣಕ್ಕೆ ಸಾಮಾನ್ಯವಾಗಿ 5ರಿಂದ 7 ನಿಮಿಷ. ಐದಕ್ಕೆ ಹಸಿರು, ಆರಕ್ಕೆ ಹಳದಿ, ಏಳಕ್ಕೆ ಕೆಂಪು ಕಾರ್ಡು. ಕಾರ್ಡು ಎತ್ತುವವರು ಮೊನ್ನೆ ಸೇರಿದ ಹುಡುಗಿಯಾದರೂ ಸರಿ, ಮಾತಾಡುತ್ತಿರುವವರು ನಿವೃತ್ತ ಪ್ರಿನ್ಸಿಪಾಲರಾದರೂ ಸರಿ. ಇನ್ನೊಂದು ನಿಯಮ ನನಗೆ ಇನ್ನೂ ಇಷ್ಟ: ಒಂದು ವರ್ಷ ಅಧ್ಯಕ್ಷರಾದವರು ಬೆನ್ನಿಗೇ ಇನ್ನೊಂದು ವರ್ಷ ಅದೇ ಕುರ್ಚಿಯಲ್ಲಿ ಕೂರುವಂತಿಲ್ಲ. ಆಜೀವ ಅಧ್ಯಕ್ಷರ ನಾಡಿನಲ್ಲಿ ಇದನ್ನು ಓದಿ ಹೇಳುವಾಗ ನನಗೆ ಸ್ವಲ್ಪ ಖುಷಿಯೇ ಆಗುತ್ತದೆ.

ಕ್ಲಬ್ಬಿನ ಈಗಿನ ಕಾರ್ಯಕಾರಿ ಸಮಿತಿ, ಅಂದರೆ ಎಕ್ಸ್‌ಕಾಮ್‌ನಲ್ಲಿ ಏಳು ಹುದ್ದೆ: ಅಧ್ಯಕ್ಷ, ಮೂವರು ಉಪಾಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಸಾರ್ಜೆಂಟ್ ಅಟ್ ಆರ್ಮ್ಸ್. ಉಪಾಧ್ಯಕ್ಷರಲ್ಲಿ ಯಾರ ಭಾಷಣ ಯಾವಾಗ ಎಂದು ನೋಡುವ ಶಿಕ್ಷಣ ಉಪಾಧ್ಯಕ್ಷರ, ಅಂದರೆ ವಿಪಿಇ ಮೇಲೇ ಹೆಚ್ಚಿನ ಹೊರೆ. ಸಾರ್ಜೆಂಟ್ ಅಟ್ ಆರ್ಮ್ಸ್ ಎಂಬ ಹುದ್ದೆ ಬ್ರಿಟಿಷ್ ಪಾರ್ಲಿಮೆಂಟಿನದು, ನಮ್ಮ ವಿಧಾನಸೌಧದ ಮಾರ್ಷಲ್ ಇದ್ದ ಹಾಗೆ. ಇಲ್ಲಿ ಯಾರನ್ನೂ ಹೊತ್ತು ಹೊರಗೆ ಹಾಕಬೇಕಿಲ್ಲ. ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಸಿ, ಕುರ್ಚಿ ಹಾಕಿಸಿ, ಬ್ಯಾನರ್ ಕಟ್ಟಿ, ಮತದ ಚೀಟಿ ಎಣಿಸಿಟ್ಟು, ಅಧ್ಯಕ್ಷರ ಮುಂದೆ ಮರದ ಸುತ್ತಿಗೆ ಇಟ್ಟರೆ ಆಯಿತು. ತರಬೇತಿಯಲ್ಲಿ ನಾನು ಇವರಿಗೆ ಕೋಣೆಯನ್ನೇ ಬಿಟ್ಟುಕೊಡುತ್ತೇನೆ. ಕುರ್ಚಿಗಳನ್ನು ಬೇಕೆಂದೇ ಅಸ್ತವ್ಯಸ್ತ ಮಾಡಿಟ್ಟು, ಹತ್ತು ನಿಮಿಷದಲ್ಲಿ ಸಭೆಗೆ ಸಜ್ಜು ಮಾಡಿ ಎನ್ನುತ್ತೇನೆ. ಐಟಿಯವರು ಮೊದಲು ಪ್ರೊಜೆಕ್ಟರ್ ಹುಡುಕುತ್ತಾರೆ. ಮೇಷ್ಟ್ರುಗಳು ಮೊದಲು ಕಿಟಕಿ ತೆಗೆಯುತ್ತಾರೆ. ಹಿಂದಿನ ಸಾಲಿನಿಂದ ಟೈಮರ್ ಕಾರ್ಡು ವೇದಿಕೆಗೆ ಕಾಣುತ್ತದೆಯೇ ಎಂದು ನಡೆದುಹೋಗಿ ನೋಡುವವರು ಅಪರೂಪ. ಅಂಥವರು ಸಿಕ್ಕಿದರೆ ಹೆಸರು ಬರೆದಿಟ್ಟುಕೊಳ್ಳುತ್ತೇನೆ, ಮುಂದೆ ಅಧ್ಯಕ್ಷರಾಗುವವರು ಅವರೇ.

ವರ್ಷದ ಲೆಕ್ಕ ಜುಲೈ 1ಕ್ಕೆ ಶುರು. ತರಬೇತಿ ವರ್ಷಕ್ಕೆರಡು ಸುತ್ತು, ಒಂದು ಜೂನ್ ಆಗಸ್ಟ್ ನಡುವೆ, ಇನ್ನೊಂದು ಫೆಬ್ರುವರಿ ಮುಗಿಯುವುದರೊಳಗೆ. ಎರಡೂ ಸುತ್ತಿಗೆ ಏಳರಲ್ಲಿ ನಾಲ್ಕು ಜನವಾದರೂ ಬಂದರೆ ಸಂಸ್ಥೆ ಪ್ರತಿ ವರ್ಷ ಕ್ಲಬ್ಬಿಗೆ ಇಡುವ ಹತ್ತು ಗುರಿಗಳಲ್ಲಿ ಒಂದರ ಅಂಕ ಸಿಗುತ್ತದೆ. ಈ ಅಂಕದಿಂದ ಲಾಭವೂ ಇದೆ, ಉಪದ್ರವವೂ ಇದೆ. ಹಾಜರಿ ಹಾಕಿಸಿ ಫೋಟೋ ತೆಗೆಸಿಕೊಂಡು ಹೋಗುವ ನಾಲ್ವರನ್ನು ಸಾಕಷ್ಟು ನೋಡಿದ್ದೇನೆ. ಖಜಾಂಚಿಗಳ ಗುಂಪಿಗೆ ಮಾತ್ರ ನಾನು ಬಿಗಿ. ಸದಸ್ಯರ ಶುಲ್ಕ ಅಕ್ಟೋಬರ್ 1 ಮತ್ತು ಏಪ್ರಿಲ್ 1ಕ್ಕೆ ಕಟ್ಟಬೇಕು ಎಂದರೆ ಅದಕ್ಕೆ ಮೂರು ವಾರ ಮುಂಚೆ ಕೈಗೆ ಬಂದಿರಬೇಕು. ಇಲ್ಲದಿದ್ದರೆ ಕೊನೆಯ ರಾತ್ರಿ ಖಜಾಂಚಿಯೇ ಕೈಯಿಂದ ಹಾಕಿ, ಆಮೇಲೆ ವರ್ಷವಿಡೀ ಸ್ನೇಹಿತರ ಬಳಿ ಸಾಲ ವಸೂಲಿ.

ಇಷ್ಟೆಲ್ಲ ಶಿಸ್ತಿನ ಸಂಸ್ಥೆ ಹೆಂಗಸರನ್ನು ಬಹಳ ಕಾಲ ಬಾಗಿಲಾಚೆಯೇ ನಿಲ್ಲಿಸಿತ್ತು. ಹಾಗಾಗಿ ಸ್ಯಾನ್ ಫ್ರಾನ್ಸಿಸ್ಕೋದ ಅರ್ನೆಸ್ಟೀನ್ ವೈಟ್ 1938ರಲ್ಲಿ ಟೋಸ್ಟ್‌ಮಿಸ್ಟ್ರೆಸ್ ಎಂಬ ಬೇರೆ ಸಂಸ್ಥೆಯನ್ನೇ ಕಟ್ಟಿದರು. ಮೂಲ ಸಂಸ್ಥೆ ಹೆಂಗಸರಿಗೆ ಸದಸ್ಯತ್ವ ಕೊಟ್ಟದ್ದು 1973ರಲ್ಲಿ, ಸ್ಮೆಡ್ಲಿ ಸತ್ತು ಎಂಟು ವರ್ಷದ ಮೇಲೆ. ಅದಕ್ಕೂ ಮೂರು ವರ್ಷ ಮೊದಲೇ ಹೆಲೆನ್ ಬ್ಲಾಂಚರ್ಡ್ ಎಂಬಾಕೆ ಸ್ಯಾನ್ ಡಿಯಾಗೋದ ಕ್ಲಬ್ಬೊಂದಕ್ಕೆ ಸೇರಿದ್ದರು. ಸದಸ್ಯತ್ವದ ಕಾಗದದಲ್ಲಿ ಅವರ ಹೆಸರು ಹೋಮರ್ ಬ್ಲಾಂಚರ್ಡ್. ಕ್ಲಬ್ಬಿನವರಿಗೆಲ್ಲ ಗೊತ್ತು, ಪ್ರಧಾನ ಕಚೇರಿಗೆ ಗೊತ್ತಿಲ್ಲ. ಇದೇ ಹೋಮರ್ 1985ರಲ್ಲಿ ಇಡೀ ಸಂಸ್ಥೆಯ ಮೊದಲ ಮಹಿಳಾ ಅಧ್ಯಕ್ಷರಾದರು. ಪ್ರಧಾನ ಕಚೇರಿಗೆ ಕಳಿಸುವ ಸದಸ್ಯರ ಪಟ್ಟಿಯಲ್ಲಿ ಒಂದಕ್ಷರವೂ ತಪ್ಪಬಾರದು, ಗುರುತಿನ ಚೀಟಿ ನೋಡಿಯೇ ಹೆಸರು ಬರೆಯಿರಿ ಎಂದು ಕಾರ್ಯದರ್ಶಿಗಳಿಗೆ ಕಟ್ಟುನಿಟ್ಟಾಗಿ ಹೇಳಿಕೊಡುವವಳು ನಾನು. ಅದೇ ತರಗತಿಯಲ್ಲಿ ಈ ಕಥೆಯನ್ನೂ ಹೇಳಿ ನನ್ನ ಪಾಠವನ್ನು ನಾನೇ ಕೆಡಿಸಿಕೊಳ್ಳುತ್ತೇನೆ.