ಜಿನೀವಾದ ಕುಟುಂಬ ವೈದ್ಯ ಡಾ| ಪೌಲ್ ಟೂರ್ನಿಯೇ

ಇಡೀ ಮನುಷ್ಯನನ್ನು ನೋಡಿ ಚಿಕಿತ್ಸೆ ನೀಡಬೇಕೆಂದು ಹೇಳಿದ ಕ್ರೈಸ್ತ ವೈದ್ಯರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಡಾ| ಪೌಲ್ ಟೂರ್ನಿಯೇ (1898–1986) ಪ್ರಮುಖರು. ಅವರು ಮನೋವೈದ್ಯರಾಗಿರಲಿಲ್ಲ, ಧರ್ಮಶಾಸ್ತ್ರದ ಪಂಡಿತರೂ ಅಲ್ಲ. ಜಿನೀವಾ ನಗರದ ಒಬ್ಬ ಸಾಮಾನ್ಯ ಕುಟುಂಬ ವೈದ್ಯರು.

ತಂದೆ ಪ್ರೊಟೆಸ್ಟಂಟ್ ಸಭೆಯ ಪಾಸ್ಟರ್. ಪೌಲ್ ಕೆಲವೇ ತಿಂಗಳ ಕೂಸಾಗಿದ್ದಾಗ ಅವರು ತೀರಿಕೊಂಡರು. ಆರನೆಯ ವಯಸ್ಸಿನಲ್ಲಿ ತಾಯಿಯೂ ಹೋದರು. ಸೋದರಮಾವನ ಮನೆಯಲ್ಲಿ ಬೆಳೆದ ಹುಡುಗ ಯಾರೊಡನೆಯೂ ಬೆರೆಯದೆ ಒಳಗೊಳಗೇ ಮುದುಡಿದ. ಹೈಸ್ಕೂಲಿನ ಗ್ರೀಕ್ ಭಾಷೆಯ ಮೇಷ್ಟ್ರು ಇದನ್ನು ಗಮನಿಸಿ ಅವನನ್ನು ತಮ್ಮ ಮನೆಗೆ ಕರೆದು ಮಾತನಾಡಿಸತೊಡಗಿದರು. ತನ್ನನ್ನೂ ಒಬ್ಬ ವ್ಯಕ್ತಿಯೆಂದು ಕಂಡವರು ಇವರೇ ಎಂದು ಟೂರ್ನಿಯೇ ಮುಂದೆ ನೆನೆಯುತ್ತಿದ್ದರು.

1923ರಲ್ಲಿ ವೈದ್ಯ ಪದವಿ, 1924ರಲ್ಲಿ ನೆಲ್ಲಿ ಅವರೊಡನೆ ವಿವಾಹ, 1925ರಲ್ಲಿ ಸ್ವಂತ ಚಿಕಿತ್ಸಾಲಯ. ಸಭೆಯ ಕೆಲಸಗಳಲ್ಲೂ ಮುಂದೆ ಇದ್ದರು. ಆದರೆ ವಾದ, ಭಾಷಣ, ಸಮಿತಿಗಳಲ್ಲಿ ಚುರುಕಾಗಿದ್ದ ಈ ಮನುಷ್ಯನಿಗೆ ತನ್ನ ಮನಸ್ಸಿನ ಮಾತನ್ನು ಪತ್ನಿಯೊಡನೆ ಹೇಳಿಕೊಳ್ಳಲೂ ಬರುತ್ತಿರಲಿಲ್ಲ. (ಸಭೆಯ ಕೆಲಸದಲ್ಲಿರುವ ಹಲವರಿಗೆ ಇದು ಪರಿಚಿತವೇ ಇರಬಹುದು.) 1932ರಲ್ಲಿ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಚಳುವಳಿಯ ಸಂಪರ್ಕವಾಯಿತು. ಅಲ್ಲಿನ ಜನ ತಮ್ಮ ಸೋಲು, ಭಯಗಳನ್ನು ಸರಳವಾಗಿ ಹಂಚಿಕೊಳ್ಳುತ್ತಿದ್ದರು. ಟೂರ್ನಿಯೇ ಪ್ರತಿದಿನ ಮೌನಪ್ರಾರ್ಥನೆಗೆ ಕುಳಿತರು. ಅನಾಥ ಬಾಲ್ಯದ ದುಃಖವನ್ನು ಮೊದಲ ಬಾರಿಗೆ ನೆಲ್ಲಿಯವರ ಮುಂದೆ ತೆರೆದಿಟ್ಟರು.

ಇದರ ಪರಿಣಾಮ ಚಿಕಿತ್ಸಾಲಯದಲ್ಲಿ ಕಂಡಿತು. ವೈದ್ಯರೇ ಮನಸ್ಸು ಬಿಚ್ಚಿದಾಗ ರೋಗಿಗಳೂ ಬಾಯಿ ಬಿಟ್ಟರು. ಎಷ್ಟೋ ಕಾಯಿಲೆಗಳ ಹಿಂದೆ ಮುರಿದ ದಾಂಪತ್ಯ, ಹಳೆಯ ಹಗೆ, ಹೇಳಲಾಗದ ಪಾಪಭಾವ ಇರುವುದು ತಿಳಿಯಿತು. 1937ರಲ್ಲಿ ಅವರು ತಮ್ಮ ರೋಗಿಗಳಿಗೆ ಪತ್ರ ಬರೆದು, ಇನ್ನು ಮುಂದೆ ಈ ರೀತಿಯಲ್ಲಿಯೇ ಕೆಲಸ ಮಾಡುವುದಾಗಿ ತಿಳಿಸಿದರು. ಸಂಸಾರಸ್ಥನಾದ ಖಾಸಗಿ ವೈದ್ಯನಿಗೆ ಇದು ಸಣ್ಣ ನಿರ್ಧಾರವಲ್ಲ. ರೋಗಿಗಳು ಬಿಟ್ಟುಹೋದರೆ ಜೀವನೋಪಾಯವೇ ಇಲ್ಲ.

1940ರಲ್ಲಿ ಅವರ ಮೊದಲ ಪುಸ್ತಕ ಹೊರಬಂತು. ಫ್ರೆಂಚ್ ಹೆಸರಿನ ಅರ್ಥ 'ವ್ಯಕ್ತಿಯ ವೈದ್ಯಕೀಯ'. ಅದರ ಹಸ್ತಪ್ರತಿಯನ್ನು ಅವರು ಅದೇ ಮುದಿ ಗ್ರೀಕ್ ಮೇಷ್ಟ್ರಿಗೆ ಓದಿ ಹೇಳಿದರಂತೆ. ಕೇಳಿ ಮುಗಿಸಿದ ಮೇಷ್ಟ್ರು ಪ್ರಾರ್ಥಿಸೋಣ ಎಂದರು. ತಾವು ಯಾವಾಗಿನಿಂದ ವಿಶ್ವಾಸಿಗಳಾದಿರಿ ಎಂದು ಶಿಷ್ಯ ಅಚ್ಚರಿಯಿಂದ ಕೇಳಿದರೆ, ಈಗಷ್ಟೇ ಎಂಬ ಉತ್ತರ ಬಂತು.

ಟೂರ್ನಿಯೇ ಔಷಧವನ್ನು ಕಡೆಗಣಿಸಿದವರಲ್ಲ. ರೋಗ ಯಾವುದೆಂದು ವಿಜ್ಞಾನದಿಂದ ಗುರುತಿಸಬೇಕು. ಆ ರೋಗ ಈ ಮನುಷ್ಯನ ಬಾಳಿನಲ್ಲಿ ಏನು ಎಂಬುದನ್ನು ಅವನ ಜೊತೆ ಕುಳಿತು ತಿಳಿಯಬೇಕು. ಎರಡೂ ಬೇಕು ಎಂಬುದು ಅವರ ನಿಲುವು. ರೋಗಿಗಳ ಭೇಟಿಗೆ ಹೋಗುವ ನಮ್ಮ ಸೇವಾಕರ್ತರು ಮುಖ್ಯವಾಗಿ ಗಮನಿಸಬೇಕಾದುದು 1958ರ ಪುಸ್ತಕದಲ್ಲಿ ಅವರು ತೋರಿಸಿದ ಭೇದವನ್ನು: ಜನರ ಮಾತಿಗೆ ಅಂಜಿ ಹುಟ್ಟುವ ಸುಳ್ಳು ಅಪರಾಧಭಾವ ಬೇರೆ, ದೇವರ ಮುಂದಿನ ನಿಜವಾದ ಅಪರಾಧಭಾವ ಬೇರೆ. ಕಾಯಿಲೆಯವನಿಗೆ ಇದು ನಿನ್ನ ಪಾಪದ ಫಲ ಎಂದು ಹೇಳುವವರು ಮೊದಲನೆಯದನ್ನೇ ಹೆಚ್ಚಿಸುತ್ತಾರೆ.

ಇದು ಬೇರೆಯೇ ಒಂದು ಪರಿಣತಿ ವಿಭಾಗವಾಗುವುದು ಅವರಿಗೆ ಬೇಡವಾಗಿತ್ತು. ಯಾವ ವೈದ್ಯನಾದರೂ ಹೀಗೆ ನಡೆಯಬಹುದು ಎನ್ನುತ್ತಿದ್ದರು. 1947ರಲ್ಲಿ ಜಿನೀವಾ ಬಳಿಯ ಬೊಸ್ಸೇಯಲ್ಲಿ ವೈದ್ಯರ ಮೊದಲ ಕೂಟ ನಡೆಯಿತು. ಮುಂದೆ ನಡೆದ ಕೂಟಗಳಲ್ಲಿ ಬೈಬಲ್ ಅಧ್ಯಯನವನ್ನು ಬಹುಕಾಲ ಟೂರ್ನಿಯೇ ಅವರೇ ನಡೆಸಿಕೊಟ್ಟರು.