ಲಿಂಕನ್ನನ ಪಿತೃಭೂಮಿ

ಅಮೆರಿಕದ ವರ್ಜೀನಿಯಾ ಪ್ರಾಂತದಲ್ಲಿ, ಲಿನ್‌ವಿಲ್ ಹಳ್ಳದ ಸಮೀಪದ ಹೆದ್ದಾರಿಯ ಮಗ್ಗುಲಲ್ಲಿ ನಿಂತಿರುವ ಚರಿತ್ರಫಲಕವೊಂದು ಅಬ್ರಹಾಂ ಲಿಂಕನ್ನನ ಪೂರ್ವಿಕರ ನೆಲೆಯನ್ನು ಪಥಿಕರಿಗೆ ಸಾರುವುದು. ಅವನ ಮುತ್ತಜ್ಜನಾದ ಜಾನನು 1768ರಲ್ಲಿ ಪೆನ್ಸಿಲ್ವೇನಿಯಾದಿಂದ ಬಂದು ಇಲ್ಲಿ ಒಕ್ಕಲಾದನು. ಜಾನನ ಹಿರಿಯ ಮಗನ ಹೆಸರೂ ಅಬ್ರಹಾಮನೆಂದೇ. ಈ ಅಜ್ಜನು 1782ರ ಸುಮಾರಿಗೆ ಸಂಸಾರಸಮೇತನಾಗಿ ಕೆಂಟಕಿಗೆ ತೆರಳಿದನು. 1786ರಲ್ಲಿ ಹೊಲದಲ್ಲಿ ದುಡಿಯುತ್ತಿದ್ದಾಗ ಮೂಲನಿವಾಸಿಗಳ ಗುಂಡಿಗೆ ಬಲಿಯಾದನು. ತಬ್ಬಲಿಯಾದ ಬಾಲಕ ಥಾಮಸನು ಕೂಲಿಯಿಂದ ಹೊಟ್ಟೆ ಹೊರೆದು ಬೆಳೆದನು. 1809ರಲ್ಲಿ ಅವನಿಗೆ ಜನಿಸಿದ ಮಗನೇ ಮುಂದೆ ರಾಷ್ಟ್ರಾಧ್ಯಕ್ಷನಾದನು. ವರ್ಜೀನಿಯಾದಲ್ಲಿಯೇ ಉಳಿದ ದಾಯಾದಿಗಳಾದರೋ ದೊಡ್ಡ ಮನೆಯನ್ನು ಕಟ್ಟಿ, ಗುಲಾಮರನ್ನಿಟ್ಟುಕೊಂಡು ಬಾಳಿದರು. 1863ರಲ್ಲಿ ದಾಸ್ಯವಿಮೋಚನೆಯ ಘೋಷಣೆಯನ್ನು ಹೊರಡಿಸಿದವನೂ ಅದೇ ವಂಶದವನು. ಕುಲದಿಂದ ಗುಣವನ್ನಳೆಯಲಾಗದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಕಿಲ್ಲ.